ಗೌಡರ ವಾಡೇದ ಭಾಗಾಕಾರ

ಕೂಡುವುದು, ಕಳೆಯುವುದು, ಗುಣಿಸುವುದು, ಈ ಮೂರರಿಂದ ನಮ್ಮ ತೊರವಿನಾಳದಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಬಂದದ್ದು ಭಾಗಾಕಾರದಿಂದ. ಅದನ್ನು ಊರ ಮೇಲೆ ತಂದು ಹಾಕಿದವರು ಗಣಿತದ ಮಾಸ್ತರರಲ್ಲ, ಡ್ರಾಯಿಂಗ್ ಮಾಸ್ತರರಾದ ಸಿದ್ದಾರೂಢ ಅವರು. ಗಣಿತದ ಮಾಸ್ತರರು ತಿಳಿದವರು. ಇಷ್ಟು ವರ್ಷ ಭಾಗಾಕಾರ ಕಲಿಸಿದರೂ ಅದನ್ನು ಮಾವಿನ ಹಣ್ಣಿಗೆ, ಕೂಲಿಯಾಳಿಗೆ, ನಳದ ನೀರಿಗೆ ಹಚ್ಚಿ ಪಾಠ ಮುಗಿಸುತ್ತಿದ್ದರೇ ಹೊರತು ಊರವರ ಮನೆಗೆ ಹಚ್ಚಿದವರಲ್ಲ.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ, ಡ್ರೈವರನ ಮನಸ್ಸು ಬಂದರೆ ಬಸ್ಸು ನಿಲ್ಲುವಂಥ ಊರು ನಮ್ಮದು. ಇಲ್ಲಿಯ ಹೈಸ್ಕೂಲಿಗೆ ಸರಕಾರ ಮೂರು ಕಂಪ್ಯೂಟರ್ ಕೊಟ್ಟಿತು. ಅವಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚಪ್ಪಲಿ ಹೊರಗೆ ಬಿಡಬೇಕೆಂದು ಬಾಗಿಲಿಗೆ ಬರೆಸಿ ಹೆಡ್‌ಮಾಸ್ತರರು ಕೀಲಿ ಹಾಕಿದರು. ಕಲಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಗಣಿತದ ಮಾಸ್ತರರು, "ಅದರಾಗ ವೈರಸ್ ಇರತಾವಂತ್ರಿ, ನನಗ ಮೊದಲ ದಮ್ಮು" ಎಂದು ಜಾರಿಕೊಂಡರು. ಹೆಡ್‌ಮಾಸ್ತರರು ಬಹಳ ಹೊತ್ತು ಕಂಪ್ಯೂಟರಿನ ಮುಖ ನೋಡಿ, "ಇದು ಟೀವಿ ಹಂಗ ಐತಿ. ಟೀವ್ಯಾಗ ಬರೂದು ಚಿತ್ರ. ಚಿತ್ರ ಅಂದಮ್ಯಾಲ ಡ್ರಾಯಿಂಗು" ಎಂದು ತೀರ್ಪು ಕೊಟ್ಟರು.

ಸಿದ್ದಾರೂಢ ಮಾಸ್ತರರು ಇಲ್ಲ ಎನ್ನಲು ಬಾರದ ಮನುಷ್ಯ. ಅಷ್ಟೇ ಆಗಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಹೂಂ ಎಂದ ಮೇಲೆ ಸುಮ್ಮನಿರದೆ ಅದಕ್ಕೊಂದು ಬಾಲ ಹಚ್ಚುವ ಚಟ ಅವರಿಗೆ. ಮದುವೆ ಮನೆಯ ಗೋಡೆಗೆ ಎರಡು ನವಿಲು ಬರೆದುಕೊಡಿ ಎಂದರೆ, "ಬರೀತೇನಿ, ಜೋಡಿಗೆ ನಿಮ್ಮ ಅಜ್ಜನ ಚಿತ್ರಾನೂ ಬರೀತೇನಿ" ಎನ್ನುವವರು. ಆ ಅಜ್ಜನಿಗೆ ಮೀಸೆ ಇರಲಿಲ್ಲವೆಂದು ಗೊತ್ತಾಗುವುದು ಅಕ್ಷತೆ ಬಿದ್ದ ಮೇಲೆ.

ಹಾಗಾಗಿ ಇಲಾಖೆಯ ಸಾಹೇಬರು ತಪಾಸಣೆಗೆ ಬಂದು, "ಏನ ಕಲಸಾಕತ್ತೀರಿ ಮಾಸ್ತರ?" ಎಂದಾಗ ಅವರು ಟೈಪಿಂಗ್ ಎಂದು ಹೇಳಿ ಪಾರಾಗಬಹುದಿತ್ತು. ಸುತ್ತಲಿನ ಸಾಲೆಗಳವರೆಲ್ಲ ಹಾಗೇ ಪಾರಾಗಿದ್ದರು. ಹೆಡ್‌ಮಾಸ್ತರರು ಸಾಹೇಬರ ಬೆನ್ನ ಹಿಂದೆ ನಿಂತು ಹತ್ತೂ ಬೆರಳು ಕುಣಿಸಿ ಟೈಪಿಂಗ್ ಅನ್ನು ಅಭಿನಯಿಸಿಯೂ ತೋರಿಸಿದರು.

"ಆಟರಿ ಸಾಹೇಬ್ರ" ಎಂದರು ಸಿದ್ದಾರೂಢ ಮಾಸ್ತರರು.

"ಸಾಲ್ಯಾಗ ಆಟ ಆಡಸ್ತೀರಿ?"

"ಆಡೂದಲ್ರಿ, ಮಾಡೂದು. ಮಕ್ಕಳs ಆಟ ಬರೀತಾರ. ಅದೂ ಮೂರು ಆಯಾಮದ್ದು. ಉದ್ದ, ಅಗಲ, ಆಳ."

ಸಾಹೇಬರಿಗೆ ಏನೂ ತಿಳಿಯಲಿಲ್ಲ. ತಿಳಿಯದ್ದಕ್ಕೆ ಶಭಾಸ್ ಎನ್ನುವುದು ಅವರ ಹುದ್ದೆಯ ಪದ್ಧತಿ. ಆಗಸ್ಟ್ ಹದಿನೈದಕ್ಕೆ ತಾವೇ ಬಂದು ಆಟ ನೋಡುವುದಾಗಿಯೂ, ಮೆಚ್ಚಿಗೆಯಾದರೆ ಅದನ್ನು ಬರೆದ ವಿದ್ಯಾರ್ಥಿಯನ್ನು ಬಿಜಾಪುರದ ಪ್ರದರ್ಶನಕ್ಕೆ ಕಳಿಸುವುದಾಗಿಯೂ, ಅಲ್ಲಿ ಗೆದ್ದವರಿಗೆ ಧಾರವಾಡದಲ್ಲಿ ಇಡೀ ಬೇಸಿಗೆ ಕಂಪ್ಯೂಟರ್ ಶಿಬಿರವಿದೆಯೆಂದೂ ಹೇಳಿ, ಅವಲಕ್ಕಿ ತಿಂದು ಹೋದರು.

ಸುದ್ದಿ ಊರಲ್ಲಿ ಹರಡಿತು. ಮೂರು ಆಯಾಮ ಎಂದರೆ ನಮ್ಮ ರೈತರಿಗೆ ಗೊತ್ತಾಗಲಿಲ್ಲ. ತ್ರೀಡಿ ಎಂದಾಗ ತಟ್ಟನೆ ಗೊತ್ತಾಯಿತು. "ತ್ರೀ ಫೇಜ್ ಅನ್ರಿ ಮಾಸ್ತರ! ಸಾಲ್ಯಾಗ ಎಷ್ಟಕ್ಕ ಬರತೈತಿ? ನಮ್ಮ ಬೋರಿಗೆ ಎರಡ ದಿನಾ ಆತು ಬಂದಿಲ್ಲ" ಎಂದು ಹತ್ತು ಜನ ಅವರನ್ನು ಹಾದಿಯಲ್ಲಿ ನಿಲ್ಲಿಸಿ ಕೇಳಿದರು. ಮಾಸ್ತರರು ಇಲ್ಲ ಎನ್ನಲಾರದೆ, ವಿಚಾರಿಸಿ ಹೇಳುತ್ತೇನೆ ಎಂದರು.

ಈ ಗದ್ದಲದಲ್ಲಿ ಸಾಹೇಬರ ಮಾತನ್ನು ಪೂರ್ತಿ ಕೇಳಿಸಿಕೊಂಡವಳು ಒಬ್ಬಳೇ, ಒಂಬತ್ತನೆಯ ಇಯತ್ತೆಯ ಯಶೋಧಾ. ಅವಳ ಅಪ್ಪ ರಾವಸಾಬ ಇಂಡಿಯ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದ, ಅವ್ವ ಸಾವಿತ್ರವ್ವ ಅಂಗನವಾಡಿ ನಡೆಸುತ್ತಿದ್ದಳು. ಬುದ್ಧವಿಹಾರದ ಪಕ್ಕದ ತಗಡಿನ ಮನೆ ಅವರದು. ಊರವರು ಅದನ್ನು ಊರ ಕೊನೆಯ ಮನೆ ಎನ್ನುತ್ತಿದ್ದರು. ಸಾವಿತ್ರವ್ವ ಮೊದಲನೆಯ ಮನೆ ಎನ್ನುತ್ತಿದ್ದಳು. ಇಂಡಿಯಿಂದ ಬರುವ ಬಸ್ಸಿಗೆ ಅದು ಮೊದಲನೆಯದೇ. ಧಾರವಾಡಕ್ಕೆ ಹೋಗಬೇಕು ಎಂದು ಯಶೋಧಾ ಅವತ್ತೇ ಮನೆಯಲ್ಲಿ ಹೇಳಿಬಿಟ್ಟಳು. ಕೇಳುತ್ತೇನೆ ಎನ್ನಲಿಲ್ಲ, ಹೋಗಬೇಕು ಎಂದಳು.

ಸಾಹೇಬರ ಮುಂದೆ ಹೇಳಿದ್ದನ್ನು ಮಾಸ್ತರರು ಇನ್ನು ಮಾಡಿ ತೋರಿಸಬೇಕಲ್ಲ! ಅವರಿಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದದ್ದು ಒಂದೇ ವಿದ್ಯೆ, ಅಂಕಿ ಕೊಟ್ಟು ಗೆರೆ ಎಳೆಸುವುದು. ಅದನ್ನು ಬಿಜಾಪುರದ ತರಬೇತಿಯಲ್ಲಿ ಕಲಿತಿದ್ದರು. ದೂರದ್ದು ಸಣ್ಣದಾಗಿ ಕಾಣುತ್ತದೆ ಎಂಬುದು ಡ್ರಾಯಿಂಗ್ ಪರೀಕ್ಷೆಗೆ ಓದಿದ್ದು. ಎರಡನ್ನೂ ಕೂಡಿಸಿದರೆ ಆಟವಾಗುತ್ತದೆ ಎಂದು ಅವರಿಗೆ ಹೊಳೆದದ್ದು ಹಲ್ಲು ತಿಕ್ಕುವಾಗ. ಅವರ ಇಡೀ ಜೀವನದಲ್ಲಿ ಬಾಲ ಹಚ್ಚದೆ ಸರಿಯಾಗಿ ಹೊಳೆದ ವಿಚಾರ ಅದೊಂದೇ ಎಂದು ನಾನು ಈಗಲೂ ಹೇಳುತ್ತೇನೆ.

ಮರುದಿನ ಮಕ್ಕಳನ್ನು ಬುದ್ಧವಿಹಾರದ ಮುಂದಿನ ಹಾದಿಗೆ ಕರೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿದರು. "ಒಂದು ಕಣ್ಣು ಮುಚ್ಚರಿ. ಕೈ ಚಾಚಿ ಹೆಬ್ಬೆರಳು ಎತ್ತರಿ. ಅಕಾ ಅಲ್ಲಿ ಗೌಡ್ರ ವಾಡೇ. ಎಷ್ಟ ಕಾಣತೈತಿ?"

"ಬೆರಳಿನ ಹಿಂದ ಮುಚ್ಚೇ ಹೋತ್ರಿ ಸರ್ರ!" ಎಂದು ಕೂಗಿದಳು ಯಶೋಧಾ.

"ಹೋತಿಲ್ಲೊ? ವಾಡೇ ಸಣ್ಣದಾಗಿಲ್ಲ, ದೂರ ಐತಿ. ಯಾವುದನ್ನ ಬರೀಬೇಕಾದ್ರೂ ಅದರ ಅಳತೀನ ಅದರ ದೂರದಿಂದ ಭಾಗ ಮಾಡ್ರಿ. ಎರಡ ಪಟ್ಟು ದೂರ ಹೋದ್ರ ಅರ್ಧ ಕಾಣತೈತಿ. ಮೂರು ಪಟ್ಟು ಹೋದ್ರ ಮೂರರಾಗ ಒಂದು. ಇಷ್ಟs ಗುಟ್ಟು!"

ಇತ್ತ ವಾಡೇದ, ಅಂದರೆ ಗೌಡರ ಆ ಕೋಟೆಯಂಥ ಮನೆಯ, ಕಟ್ಟೆಯ ಮೇಲೆ ಗೌಡರ ತಾಯಿ ಸಿದ್ದಲಿಂಗವ್ವ ಬಿಸಿಲಿಗೆ ಕೂತಿದ್ದಳು. ದೂರದ್ದು ಮಾತ್ರ ಚೆನ್ನಾಗಿ ಕಾಣುವ ವಯಸ್ಸು ಅವಳದು. ಸಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತು, ಮಾಸ್ತರನ ಸಮೇತ, ತನಗೆ ಕಣ್ಣು ಹೊಡೆದು ಹೆಬ್ಬೆಟ್ಟು ತೋರಿಸುತ್ತಿರುವುದನ್ನು ಅವಳು ಕಂಡಳು. ಆ ಸಂಜೆ ವಾಡೇದ ಮುಂದೆ ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದ ಘಾಟಿಗೆ ಅರ್ಧ ಊರು ಕೆಮ್ಮಿತು.

ಇಲ್ಲಿ ವಾಡೇದ ಬಗ್ಗೆ ಎರಡು ಮಾತು ಹೇಳಲೇಬೇಕು. ಹಿರಿಯ ಗೌಡರು ಶ್ರೀಶೈಲಪ್ಪಗೌಡರು. ಸಾಲೆಯ ಸಮಿತಿಗೆ ಅವರೇ ಅಧ್ಯಕ್ಷರು. ಕಂಪ್ಯೂಟರ್ ಇಟ್ಟ ಮೇಜು ಅವರು ಕೊಟ್ಟದ್ದೆಂದು ಮೇಜಿನ ನಾಲ್ಕೂ ಕಾಲಿಗೆ ಬರೆಸಿದ್ದರು. ಕಿರಿಯವರು ಕಲ್ಮೇಶಗೌಡರು. ಅಣ್ಣತಮ್ಮಂದಿರು ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದರು, ಮಾತಿರಲಿಲ್ಲ. ಕಿರಿಯವರಿಗೆ ವಾಟ್ನಿ ಬೇಕು, ತಮ್ಮ ಪಾಲು ಬೇರೆಯಾಗಬೇಕು. ಹಿರಿಯವರದು ಒಂದೇ ಮಾತು: "ಈ ವಾಡೇ ಭಾಗ ಆಗಂಗಿಲ್ಲ." ಹೀಗಾಗಿ ಭಾಗ ಎಂಬ ಶಬ್ದವನ್ನು ಆ ಓಣಿಯಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

ಮಾಸ್ತರರು ಆಡಿದರು. ಕಿಟಕಿ ತೆರೆದಿಟ್ಟುಕೊಂಡು, ಕರಿಹಲಗೆಯ ಮುಂದೆ ನಿಂತು, ದಿನಾಲೂ ಆಡಿದರು.

ಯಶೋಧಾ ಬರೆಯುತ್ತಿದ್ದ ಆಟ ಹೀಗಿತ್ತು: ತನ್ನ ಮನೆ ಎದುರಿಗೆ ಕಾಣುವ ಜಾಗದಿಂದ ಹೊರಟು, ಹಾದಿಯಲ್ಲಿ ಅಡ್ಡ ಬರುವ ನಾಯಿಯನ್ನೂ ಟ್ರಾಕ್ಟರನ್ನೂ ತಪ್ಪಿಸಿಕೊಂಡು, ಗಂಟೆ ಹೊಡೆಯುವುದರೊಳಗೆ ಸಾಲೆ ಮುಟ್ಟಬೇಕು. ನಾಯಿ ಎಂದರೆ ಎರಡು ತ್ರಿಕೋನ, ಟ್ರಾಕ್ಟರ್ ಎಂದರೆ ಒಂದು ಪೆಟ್ಟಿಗೆ. ಬರೀ ಗೆರೆಗಳ ಊರು. ಆದರೆ ಬಾಣದ ಗುಂಡಿ ಒತ್ತಿದರೆ ಆ ಗೆರೆಗಳು ಹಿಗ್ಗುತ್ತ ನಮ್ಮ ಮೈಮೇಲೆ ಬರುತ್ತಿದ್ದವು. ಮೊದಲ ಸಲ ನೋಡಿದಾಗ ಮಾಸ್ತರರೇ ಟ್ರಾಕ್ಟರಿಗೆ ಹೆದರಿ ಹಿಂದೆ ಸರಿದರು. "ಯಶೋಧಾ, ನೀ ಧಾರವಾಡಕ್ಕ ಹೋದಿ ಅಂತನs ತಿಳಿ" ಎಂದು ಮಾತೂ ಕೊಟ್ಟುಬಿಟ್ಟರು.

ಅಳತೆಗಳನ್ನು ಅವಳೇ ಹೆಜ್ಜೆ ಹಾಕಿ ತಂದಿದ್ದಳು, ಅಗಲವನ್ನು ಹೆಜ್ಜೆಗೆ ಒಂದರಂತೆ, ದೂರವನ್ನು ನೂರು ಹೆಜ್ಜೆಗೆ ಒಂದರಂತೆ. ಒಂದು ದಿನ ಮಾಸ್ತರರು ಊರು ಕೇಳುವಂತೆ ಲೆಕ್ಕ ಹೇಳಿಸಿದರು. "ಗೌಡ್ರ ವಾಡೇ ನಲವತ್ಮೂರು! ಎಂಟರಿಂದ ಭಾಗ ಮಾಡ್ರಿ! ಎಷ್ಟ ಬಂತು?" ಮಕ್ಕಳು ಒಕ್ಕೊರಲಿನಿಂದ "ಐದುರಿ!" ಎಂದರು.

ಆ ಹೊತ್ತಿಗೆ ಕಿಟಕಿಯ ಹೊರಗೆ ಸಾಲೆಯ ಅಂಗಳ ಗುಡಿಸುವ ಮರೆವ್ವ ಇದ್ದಳು. ಸಾಲೆ ಗುಡಿಸಿದ ಮೇಲೆ ವಾಡೇ ಗುಡಿಸಲು ಹೋಗುವವಳು ಅವಳೇ. ನಮ್ಮ ಊರಿನಲ್ಲಿ ಕಸ ಇತ್ತಿಂದತ್ತ ಹೋಗುವುದು ತಡವಾದೀತು, ಸುದ್ದಿ ತಡವಾಗುವುದಿಲ್ಲ. "ಯಪ್ಪಾ, ಸಾಲ್ಯಾಗ ಕಂಪ್ಯೂಟರ ನಿಮ್ಮ ವಾಡೇ ಭಾಗ ಮಾಡೇತ್ರಿ" ಎಂದು ಕಲ್ಮೇಶಗೌಡರಿಗೆ ಹೇಳಿದಳು.

ಕಲ್ಮೇಶಗೌಡರು ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಮಾಸ್ತರರ ಮನೆಗೆ ಬಂದರು.

"ಮಾಸ್ತರ, ಖರೇ ಹೇಳ್ರಿ. ನಮ್ಮ ವಾಡೇ ಭಾಗ ಮಾಡೀರಂತ?"

ಗೌಡರ ಮನೆತನದಲ್ಲಿ ಕೊನೆಗೂ ಒಬ್ಬರಿಗೆ ಗಣಿತದ ಮೇಲೆ ಮನಸ್ಸು ಬಂತಲ್ಲ ಎಂದು ಮಾಸ್ತರರು ಹಿಗ್ಗಿದರು. "ಹೌದ್ರಿ. ಭಾಗ ಮಾಡದಿದ್ರ ಬರೋಬರಿ ಆಗಂಗಿಲ್ರಿ."

"ಅದನ್ನs ನಾ ಬಡಕೊಳ್ಳಾಕತ್ತೇನಿ! ಎಷ್ಟ ಬಂತು?"

"ಐದುರಿ."

ನಮ್ಮ ಕಡೆ ಮನೆ ಅಳೆಯುವುದು ಅಂಕಣದಿಂದ, ತೊಲೆಯಿಂದ ತೊಲೆಗೆ ಇರುವ ಜಾಗದಿಂದ. ಕಲ್ಮೇಶಗೌಡರು ಐದಂಕಣ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡರು. "ಐದು... ಕಡಿಮಿ ಆತು. ಎಷ್ಟರಿಂದ ಭಾಗ ಮಾಡಿದ್ರಿ?"

"ಎಂಟರಿಂದ್ರಿ."

"ಎಂಟು ಯಾಕ್ರಿ? ಅಣ್ಣತಮ್ಮರು ನಾವಿಬ್ಬರs ಅದೇವಲ್ಲ?"

"ಇದು ಅಣ್ಣತಮ್ಮರ ಲೆಕ್ಕ ಅಲ್ರಿ ಗೌಡ್ರ, ದೂರದ ಲೆಕ್ಕ. ದೂರ ಎಷ್ಟಿರತೈತಿ ಅಷ್ಟರಿಂದ ಭಾಗಿಸೂದು."

ಕಲ್ಮೇಶಗೌಡರು ಬಾಳೆಹಣ್ಣನ್ನು ತಮ್ಮ ಕಡೆ ಎಳೆದುಕೊಂಡರು. "ದೂರದವರಿಗೂ ಪಾಲ ಐತೇನು?"

"ದೂರದ್ದs ಮುಖ್ಯರಿ. ದೂರದ್ದು ಹಿಡೀಲಿಲ್ಲಂದ್ರ ಎಲ್ಲಾ ಕೆಟ್ಟ ಹೋಗತೈತಿ."

"ಶೇಷ ಏನರ ಉಳೀತೇನು?"

"ಮೂರು ಉಳೀತ್ರಿ. ಅದನ್ನ ಬಿಟ್ಟಬಿಡ್ತೇವಿ. ಕಂಪ್ಯೂಟರ ನುಂಗತೈತಿ."

"ಸರಕಾರ ನುಂಗತೈತಿ ಅನ್ರಿ" ಎಂದು ಕಲ್ಮೇಶಗೌಡರು ಎದ್ದರು. ಬಾಳೆಹಣ್ಣನ್ನು ತಿರುಗಿ ತೆಗೆದುಕೊಂಡು ಹೋದರು.

ಒಳಗಿನಿಂದ ಎಲ್ಲವನ್ನೂ ಕೇಳಿದ ಮಾಸ್ತರರ ಹೆಂಡತಿ ವಿದ್ಯಾವತಿ ಹೊರಗೆ ಬಂದಳು. "ಏನ್ರಿ, ಅವರು ಕೇಳಿದ್ದು ಒಂದು, ನೀವು ಹೇಳಿದ್ದು ಒಂದು ಅನಸ್ತೈತಿ ನನಗ."

"ಅವರಿಗೆ ಶೇಷದ ತನಕ ತಿಳೀತು ನೋಡು" ಎಂದರು ಮಾಸ್ತರರು ಅಭಿಮಾನದಿಂದ.

ದೂರದವರಿಗೂ ಪಾಲಿದೆ ಎಂಬ ಸುದ್ದಿ ದೂರದವರನ್ನು ಮುಟ್ಟಲು ತಡವಾಗಲಿಲ್ಲ. ಮೊದಲು ಲಚ್ಯಾಣದಿಂದ ಒಬ್ಬ ಸೋದರಮಾವ ಬಂದ. ಬಳಿಕ ಅಗರಖೇಡದಿಂದ ಗಂಡ ಹೆಂಡತಿ ಹಾಸಿಗೆ ಸುರುಳಿ ಸಮೇತ ಇಳಿದರು. ಕೊನೆಗೆ ಮುದ್ದೇಬಿಹಾಳದ ಆಚೆ ತಂಗಡಗಿಯಿಂದ ಸಿದ್ದಲಿಂಗವ್ವನ ತಂಗಿಯ ನಾದಿನಿಯ ಮಗ, ತಾನೇ ಎಲ್ಲರಿಗಿಂತ ದೂರದವನಾದ್ದರಿಂದ ದೊಡ್ಡ ಪಾಲು ತನ್ನದೇ ಎಂದು ವಾದಿಸುತ್ತ ಬಂದ. ಸಿದ್ದಲಿಂಗವ್ವ ಎಲ್ಲರಿಗೂ ರೊಟ್ಟಿ ಬಡಿಸುತ್ತ, "ಯಾರ ಸತ್ತಾರೋ?" ಎಂದು ಕೇಳಿದಳು.

"ಯಾರೂ ಇಲ್ಲ ಚಿಗವ್ವಾ. ಕಂಪ್ಯೂಟರ ಕರದೈತಿ."

ಶ್ರೀಶೈಲಪ್ಪಗೌಡರು ನೆಂಟರನ್ನೂ ತಮ್ಮನನ್ನೂ ಬೆನ್ನಿಗೆ ಹಾಕಿಕೊಂಡು ಸಾಲೆಗೆ ಬಂದರು. ಹೆಡ್‌ಮಾಸ್ತರರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲು ಹಿಡಿದು ನಿಂತರು. ಗೌಡರು ಚಪ್ಪಲಿ ಹಾಕಿಕೊಂಡೇ ಕಂಪ್ಯೂಟರಿನ ಕೋಣೆ ಹೊಕ್ಕರು.

"ತೋರಸ್ರಿ, ಹ್ಯಾಂಗ ಭಾಗ ಮಾಡೀರಿ ನೋಡೂಣು."

ಮಾಸ್ತರರು ತೋರಿಸಿದರು. ಪರದೆಯ ಮೇಲೆ ಎದುರಿಗೇ ಒಂದು ದೊಡ್ಡ ಮನೆ. ಆಚೆ ಹಾದಿ ಕಿರಿದಾಗುತ್ತ ಹೋಗಿ, ಕೊನೆಗೆ ಕಡ್ಡಿಪೆಟ್ಟಿಗೆಯಂಥ ಒಂದು ಚೌಕ.

"ಇದು ಯಾವ ಆಸ್ತಿ ಚಿತ್ರರಿ? ಇದು ಆಟ ಐತಲ್ಲ!" ಎಂದ ತಂಗಡಗಿಯವ. ನೆಂಟರ ಮುಖ ಇಳಿಯಿತು. ಕಲ್ಮೇಶಗೌಡರು ಗೋಡೆಗೆ ಒರಗಿದರು. ಇಲ್ಲಿಗೆ ಈ ಗೊಂದಲ ಮುಗಿದು, ಎಲ್ಲರೂ ನಕ್ಕು, ಚಹಾ ಕುಡಿದು ಮನೆಗೆ ಹೋಗಬೇಕಾಗಿತ್ತು. ಲೋಕ ಸರಿ ಇದ್ದಿದ್ದರೆ ಹಾಗೇ ಆಗುತ್ತಿತ್ತು. ಆದರೆ ಹಿರಿಯ ಗೌಡರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇದರಾಗ ನಮ್ಮ ವಾಡೇ ಯಾವುದು?"

"ಅಕಾ ಅಲ್ಲೈತಲ್ರಿ, ಆ ಸಣ್ಣದು."

"ಇದು ಇಷ್ಟ ದೊಡ್ಡದು ಐತಲ್ಲ, ಇದು ಯಾರದು?"

"ನಮ್ಮನಿರಿ" ಎಂದಳು ಯಶೋಧಾ.

ಮಾಸ್ತರರು ಅನಾಹುತ ತಪ್ಪಿಸಲು ಬಾಯಿ ಹಾಕಿದರು. "ತಪ್ಪ ತಿಳೀಬ್ಯಾಡ್ರಿ ಗೌಡ್ರ. ಶಾಸ್ತ್ರ ಹಂಗೈತಿ. ಸಮೀಪ ಇದ್ದವರು ದೊಡ್ಡವರು, ದೂರ ಇದ್ದವರು ಸಣ್ಣವರು. ನೀವು ದೂರ ಅದೀರಿ, ಅದಕ್ಕ ಸಣ್ಣವರಾಗೀರಿ."

"ನಾವು ದೂರ ಅದೇವು?" ಗೌಡರು ನಿಧಾನವಾಗಿ ಮಾತಾಡಿದರು. "ನಾವು ಊರ ನಡಬರಕ ಅದೇವು, ಮಾಸ್ತರ. ದೂರ ಇದ್ದವರು ಅವರು. ಇವತ್ತಲ್ಲ, ಮೊದಲಿಂದ್ಲೂ."

ಯಶೋಧಾಳಿಗೆ ಅದು ಲೆಕ್ಕದ ಸಂಶಯವೆಂದೇ ಅನ್ನಿಸಿತು. ಲೆಕ್ಕ ಬಲ್ಲವರಿಗೆ ಈ ದಡ್ಡತನ ಇರುತ್ತದೆ. "ಹಂಗಲ್ರಿ ಗೌಡ್ರ, ನಡಕೊಂತ ಬಂದ್ರ ನಿಮ್ಮದು ದೊಡ್ಡದಾಗ್ತ ಬರತೈತಿ ನೋಡ್ರಿ. ನಿಮ್ಮ ಬಾಗಿಲ ಮುಂದ ಬಂದು ನಿಂತ್ರ ಪರದೆ ತುಂಬ ವಾಡೇನs."

"ನಮ್ಮ ಬಾಗಿಲಿಗಿ ನೀ ಯಾಕ ಬರ್ತಿ?" ಎಂದರು ಗೌಡರು.

ಹುಡುಗಿ ಗುಂಡಿಯಿಂದ ಬೆರಳು ತೆಗೆದಳು. ನೆಂಟರಲ್ಲಿ ಒಬ್ಬ ಕೆಮ್ಮಿದ. ಹೆಡ್‌ಮಾಸ್ತರರು ಬಾಗಿಲ ಚಿಲಕವನ್ನು ಪರೀಕ್ಷಿಸತೊಡಗಿದರು.

ಹೋಗುವಾಗ ಗೌಡರು ಆಜ್ಞೆ ಮಾಡಿದರು. "ಉಳದವರ ಮನಿ ಬೇಕಾದಂಗ ಭಾಗ ಮಾಡ್ಕೋರಿ. ನಮ್ಮ ವಾಡೇಕ ಮಾತ್ರ ಭಾಗಾಕಾರ ಹಚ್ಚಬಾರದು. ಸಾಹೇಬ್ರ ಮುಂದ ಇಡೀದs ಕಾಣಬೇಕು. ಇಲ್ಲಂದ್ರ, ಮುದ್ದೇಬಿಹಾಳ ತಾಲೂಕಿನ್ಯಾಗ ಡ್ರಾಯಿಂಗ್ ಮಾಸ್ತರ್ರು ಕಡಿಮಿ ಬಿದ್ದಾರಂತ ಕೇಳೇನಿ." ಭಾಗಾಕಾರ ಹಚ್ಚಬಾರದೆಂಬ ಮಾತನ್ನು ಅವರು ತಮ್ಮನ ಕಡೆ ನೋಡುತ್ತ ಹೇಳಿದ್ದರಿಂದ ಒಂದೇ ಏಟಿಗೆ ಎರಡೂ ವ್ಯಾಜ್ಯ ತೀರಿದವು. ವಾಡೇ ನೆಲದ ಮೇಲೂ ಭಾಗವಾಗಲಿಲ್ಲ, ಕಂಪ್ಯೂಟರಿನಲ್ಲೂ ಭಾಗವಾಗಲಿಲ್ಲ.

ಮಾಸ್ತರರು ಮನೆಗೆ ಬಂದು ಮುದ್ದೇಬಿಹಾಳಕ್ಕೆ ವರ್ಗದ ಮಾತು ಹೇಳಿದ ಕೂಡಲೇ ವಿದ್ಯಾವತಿ ತಲೆಯ ಮೇಲೆ ಕೈ ಹೊತ್ತು ಕೂತಳು. "ನಳಾ ಬಂದು ಇನ್ನೂ ವರ್ಷ ಆಗಿಲ್ರಿ ನಮ್ಮನಿಗೆ. ಒಂದು ಭಾಗಾಕಾರ ತಗದ್ರ ನಿಮ್ಮಪ್ಪನ ಗಂಟೇನು ಹೋಗತೈತಿ?" ಹೆಡ್‌ಮಾಸ್ತರರು ಬಂದು ಅದನ್ನೇ ಸಭ್ಯವಾಗಿ ಹೇಳಿದರು. ಗಣಿತದ ಮಾಸ್ತರರು ಬಂದು, "ನಾ ಮೊದಲs ಹೇಳಿದ್ದೆ, ಅದರಾಗ ವೈರಸ್ ಇರತಾವು ಅಂತ" ಎಂದರು. ಅವರು ಹೇಳಿದ ವೈರಸ್ಸು ಯಾವುದೆಂದು ನಮಗೆ ಆಗ ತಿಳಿಯಿತು.

ಸಿದ್ದಾರೂಢ ಮಾಸ್ತರರು ಎಲ್ಲರಿಗೂ ಹೂಂ ಎಂದರು. ಆಮೇಲೆ ಯಶೋಧಾಳನ್ನು ಕರೆದು, ವಾಡೇದ ಸಾಲಿನಲ್ಲಿದ್ದ ಭಾಗಿಸುವ ಗುರುತನ್ನು ಅಳಿಸಲು ಹೇಳಿದರು.

"ಲೆಕ್ಕ ತಪ್ಪತೈತ್ರಿ ಸರ್ರ."

"ಲೆಕ್ಕ ತಪ್ಪಿದ್ರ ನಡೀತೈತಿ ತಂಗಿ. ಗೌಡ್ರು ಸಿಟ್ಟಾದ್ರ ನಡ್ಯಾಂಗಿಲ್ಲ."

"ನಾ ಅಳಸಂಗಿಲ್ರಿ. ನೀವs ಕಲಿಸಿದ್ದು. ನೀವs ಅಳಸ್ರಿ."

ಅವರೇ ಅಳಿಸಿದರು. ಒಂದೇ ಗುರುತು, ಒಂದು ಗುಂಡಿ ಒತ್ತುವಷ್ಟೇ ಕೆಲಸ. ಹುಡುಗಿ ಪಕ್ಕದಲ್ಲಿ ನಿಂತು ನೋಡಿದಳು. ಮಾಸ್ತರರು ತಮ್ಮ ಸ್ವಭಾವದಂತೆ ಅದಕ್ಕೊಂದು ಬಾಲ ಹಚ್ಚಿದರು: "ನಿನ್ನ ಹೆಸರು ಮಾತ್ರ ಅಳಿಸಂಗಿಲ್ಲ ತಂಗಿ, ಧಾರವಾಡಕ್ಕ ನೀನs ಹೋಗೂದು."

ಆಗಸ್ಟ್ ಹದಿನೈದು ಬಂತು. ಧ್ವಜ ಏರಿತು, ಮಕ್ಕಳಿಗೂ ಬಂದ ಊರವರಿಗೂ ಪೆಪ್ಪರಮಿಂಟ್ ಹಂಚಿದ್ದಾಯಿತು. ಕಂಪ್ಯೂಟರನ್ನು ಹೊರಗೆ ತಂದು, ಕಾಲಿಗೆ ಹೆಸರಿದ್ದ ಮೇಜಿನ ಮೇಲೆ, ಬಿಸಿಲಿಗೆ ಕೊಡೆ ಹಿಡಿದು ಇಟ್ಟರು. ಸಾಹೇಬರು ನಡುವೆ, ಗೌಡರು ಬಲಕ್ಕೆ, ಹಿಂದೆ ಇಡೀ ಊರು. ಸಾವಿತ್ರವ್ವ ಅಂಗನವಾಡಿಯ ಚಿಳ್ಳೆಪಿಳ್ಳೆಗಳನ್ನು ಕಟ್ಟಿಕೊಂಡು ಬೇವಿನ ಮರದಡಿ ನಿಂತಿದ್ದಳು. ರಾವಸಾಬ ಡಿಪೋಕ್ಕೆ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಯಶೋಧಾ ಆಟ ಹಚ್ಚಿದಳು.

ಪರದೆಯ ಅಗಲ ಅವಳ ಲೆಕ್ಕದಲ್ಲಿ ನಲವತ್ತು. ವಾಡೇ ನಲವತ್ಮೂರು. ಭಾಗಾಕಾರವಿಲ್ಲದ ವಾಡೇ ಪರದೆಯನ್ನು ಈ ತುದಿಯಿಂದ ಆ ತುದಿಗೆ ತುಂಬಿ, ಮೂಲೆಗಳು ಹೊರಗೆ ಚಾಚಿ ನಿಂತುಬಿಟ್ಟಿತು. ಹಾದಿ ಇಲ್ಲ, ನಾಯಿ ಇಲ್ಲ, ಟ್ರಾಕ್ಟರ್ ಇಲ್ಲ. ತಗಡಿನ ಮನೆ ಅದರ ಹಿಂದೆಲ್ಲೋ ಮುಚ್ಚಿ ಹೋಗಿತ್ತು. ಸಾಲೆಯೂ ಕಾಣಲಿಲ್ಲ.

"ವಾಹ್!" ಎಂದರು ಸಾಹೇಬರು. ತಿಳಿಯಲಿಲ್ಲವೆಂದು ನಮಗೆ ತಿಳಿಯಿತು. ಊರು ಚಪ್ಪಾಳೆ ಹೊಡೆಯಿತು. ಸಾಲೆಯ ಕಟ್ಟೆಯ ಮೇಲಿದ್ದ ಸಿದ್ದಲಿಂಗವ್ವ ಕೂತಲ್ಲಿಂದಲೇ ಪರದೆಗೆ ನೆಟಿಕೆ ಮುರಿದಳು.

"ಆಟ ಅಂದ್ರಲ್ಲ, ನಡಿಯೂದು ಹ್ಯಾಂಗ?" ಎಂದರು ಸಾಹೇಬರು.

ಯಶೋಧಾ ಮುಂದಿನ ಬಾಣ ಒತ್ತಿದಳು. ವಾಡೇ ಹಾಗೇ ಇತ್ತು. ಒತ್ತುತ್ತಲೇ ಹೋದಳು. ಹಿಂದಿನ ಬಾಣ ಒತ್ತಿದಳು. ಆಮೇಲೆ ಒತ್ತಿದ ಬೆರಳನ್ನು ತೆಗೆಯದೆ ಹಿಡಿದಳು. ಲೆಕ್ಕದ ಪ್ರಕಾರ ಅವಳು ತನ್ನ ಮನೆ ದಾಟಿ, ಹಳ್ಳ ದಾಟಿ, ಇಂಡಿಯ ಹಾದಿ ಹಿಡಿದು ಹೋಗಿದ್ದಿರಬೇಕು. ಪರದೆಯ ಮೇಲೆ ಒಂದು ಗೆರೆ ಕೂಡ ಅಲುಗಲಿಲ್ಲ.

"ಎಷ್ಟು ದೂರ ಹೋದ್ರೂ ಸಣ್ಣದಾಗವಲ್ದುರಿ ಸರ್ರ" ಎಂದಳು. ದನಿ ಎತ್ತಲಿಲ್ಲ. ಆದರೆ ಬೇವಿನ ಮರದ ತನಕ ಕೇಳಿಸಿತು.

ಸಾಹೇಬರು ನಕ್ಕರು. "ಗಟ್ಟಿ ವಾಡೇ ಐತಿ ಅನ್ರಿ! ಇದು ಯಾರದು?" ಅವರು ಕೇಳಿದ್ದು ಆಟವನ್ನು.

"ನಮ್ಮದs ರಿ" ಎಂದರು ಶ್ರೀಶೈಲಪ್ಪಗೌಡರು. ಅವರು ಹೇಳಿದ್ದು ವಾಡೇಯನ್ನು. ಪಕ್ಕದಲ್ಲಿದ್ದ ಮೊಮ್ಮಗನ ಹೆಗಲ ಮೇಲೆ ಅವರ ಕೈ ಇತ್ತು. ಸಾಹೇಬರು ಆ ಹುಡುಗನ ಹೆಸರು ಕೇಳಿ ಬರೆದುಕೊಂಡರು. ಅವನು ಕಂಪ್ಯೂಟರಿನ ಕೋಣೆಗೆ ಒಂದು ದಿನವೂ ಬಂದವನಲ್ಲ.

ತಪ್ಪು ತಿಳಿವಳಿಕೆ ಎಂಬುದು ಇಷ್ಟೇ. ಒಬ್ಬರು ಬಾಯಿಬಿಟ್ಟು ಇಲ್ಲ ಎಂದರೆ ಸರಿಯಾಗುತ್ತದೆ. ಹೆಡ್‌ಮಾಸ್ತರರು ಧ್ವಜ ನೋಡುತ್ತಿದ್ದರು. ನಾವೆಲ್ಲ ಪೆಪ್ಪರಮಿಂಟ್ ಚೀಪುತ್ತಿದ್ದೆವು. ರಾವಸಾಬ ಎರಡು ಹೆಜ್ಜೆ ಮುಂದೆ ಬಂದು, "ಸಾಹೇಬ್ರ, ಆಟ ಬರದಾಕಿ ನನ್ನ ಮಗಳು. ಮಾಸ್ತರನ್ನ ಕೇಳ್ರಿ" ಎಂದ. ಎಲ್ಲರೂ ಮಾಸ್ತರರ ಕಡೆ ತಿರುಗಿದರು.

"ಆಟ ಬರದಾಕಿ ಅಕೀ ಅಲ್ಲಲ್ಲ, ಮಾಸ್ತರ?" ಎಂದರು ಗೌಡರು.

ಹುಟ್ಟಿದಾಗಿನಿಂದ ಬಾರದ ಶಬ್ದ ಆ ಹೊತ್ತಿಗೆ ಎಲ್ಲಿಂದ ಬರಬೇಕು? ಸಿದ್ದಾರೂಢ ಮಾಸ್ತರರು, "ಹೂಂ... ಅಕೀನೂ ಕೂಡ ಸಹಾಯ ಮಾಡ್ಯಾಳ್ರಿ" ಎಂದರು. ನನಗೆ ಅವತ್ತು ಅವರ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಪೆಪ್ಪರಮಿಂಟ್ ಉಗುಳಿ ನಾನಾದರೂ ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಿದರೆ, ಕೇಳಿ.

ವಾಡೇದ ಮೊಮ್ಮಗ ಬಿಜಾಪುರಕ್ಕೆ ಹೋದ. ಅಲ್ಲಿಯ ತೀರ್ಪುಗಾರರು ಬಾಣದ ಗುಂಡಿ ಒತ್ತಿ ಒತ್ತಿ ಬೇಸತ್ತರು. ಏನೂ ಅಲುಗದ ಈ ಕಟ್ಟಡವನ್ನು ಆಟದ ವಿಭಾಗದಿಂದ ತೆಗೆದು ಪಾಳುಬಿದ್ದ ಸ್ಮಾರಕಗಳ ವಿಭಾಗಕ್ಕೆ ಹಾಕಿ, ಅಲ್ಲಿ ಮೊದಲನೆಯ ಬಹುಮಾನ ಕೊಟ್ಟರು. ಆ ಪ್ರಮಾಣಪತ್ರ ಈಗಲೂ ವಾಡೇದ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಗೆದ್ದವನೆಂದು ಬೇಸಿಗೆಗೆ ಧಾರವಾಡಕ್ಕೂ ಅವನೇ ಹೋದ. ಊಟ ಸೇರಲಿಲ್ಲವೆಂದು ವಾರದೊಳಗೆ ತಿರುಗಿ ಬಂದ. ಮೊಮ್ಮಗನ ವಿದ್ಯೆ ಮುಗಿಯಿತೆಂದು ಗೌಡರು ಕಂಪ್ಯೂಟರ್ ಕೋಣೆಯ ಕೀಲಿಯನ್ನು, ಕಳುವಾಗಬಾರದೆಂದು, ತಮ್ಮ ಮನೆಯಲ್ಲೇ ಇಟ್ಟುಕೊಂಡರು.

ಮಾಸ್ತರರಿಗೆ ಏನು ಸಿಕ್ಕಿತು ಎನ್ನುತ್ತೀರಾ? ಮುದ್ದೇಬಿಹಾಳವೇ ಸಿಕ್ಕಿತು. ನೆಂಟರನ್ನು ಒಟ್ಟು ಮಾಡಿ ಮನೆತನದ ಮಾನ ಕಳೆದ ತಪ್ಪಿಗೆ ಗೌಡರು ಬಿಡಲಿಲ್ಲ. ಸಾಮಾನು ಹೇರಿದ ಟೆಂಪೋದಲ್ಲಿ ವಿದ್ಯಾವತಿ ಮುಂದೆ ಕೂತಿದ್ದಳು. ಮಾಸ್ತರರು ಹಿಂದೆ ಗಂಟುಗಳ ಮೇಲೆ ಕೂತು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ, ವಾಡೇಯನ್ನೇ ನೋಡುತ್ತ ಹೋದದ್ದನ್ನು ನಾವು ಕಂಡೆವು.

ಮುಂದೆ ಒಂದು ಸಲ ಅವರು ಯಾವುದೋ ಕೆಲಸಕ್ಕೆ ಇಂಡಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಸಾವಿತ್ರವ್ವ ಸಿಕ್ಕಳು. ನಾನೂ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದೆ. ಮಾಸ್ತರರು ಅವಳ ಮುಖ ನೋಡಲಾರದೆ ಚೀಲವನ್ನು ಕೈಯಿಂದ ಕೈಗೆ ಬದಲಿಸಿದರು.

"ಯಶೋಧಾ ಏನ ಮಾಡಾಕತ್ತಾಳ್ರಿ ಅಕ್ಕಾರ?"

"ಮನ್ಯಾಗ ಅದಾಳ್ರಿ. ಸಾಲಿ ಬಿಟ್ಟಳು. ಕೀಲಿ ಹಾಕಿದ ಕೋಣಿ ನೋಡಾಕ ಯಾಕ ಹೋಗ್ಲಿ ಅಂದಳು."

ಮಾಸ್ತರರು, ಕೊಡಲು ತಮ್ಮ ಕೈಯಲ್ಲಿ ಅದೊಂದೇ ಉಳಿದಿದೆ ಎಂಬಂತೆ, ಹೇಳಿದರು. "ಅಕೀಗೆ ಒಂದು ಮಾತು ಹೇಳ್ರಿ. ನಾ ಊರು ಬಿಟ್ಟ ದಿನಾ ಹಾದಿಗುಂಟ ನೋಡಿಕೋಂತ ಹೋದೆ. ದೂರ ಹೋದಂಗ ವಾಡೇ ಸಣ್ಣದಾತು. ಕಡ್ಡಿಪೆಟಗಿ ಆತು, ಕಾಳಾತು, ಕಾಣದಂಗಾತು. ಅಕೀ ಲೆಕ್ಕ ಬರೋಬರಿ ಐತಿ ಅಂತ ಹೇಳ್ರಿ."

ಸಾವಿತ್ರವ್ವ ಸೆರಗು ಸರಿಮಾಡಿಕೊಂಡಳು. "ನಿಮಗ ಸಣ್ಣದಾಗಿರಬೇಕು ಮಾಸ್ತರ, ನೀವು ದೂರ ಹೋದ್ರಿ. ನಾವು ಅಲ್ಲೇ ಅದೇವಲ್ರಿ."

ಅಷ್ಟರಲ್ಲಿ ತೊರವಿನಾಳದ ಬಸ್ಸು ಬಂತು. ಅವಳು ಹತ್ತಿಕೊಂಡಳು.